ಥೂಜಾ ಕಡ್ಡಿಗೆ ಬೇರು ಬರಿಸುವ ಬಗೆ

ನಮ್ಮ ವಾಚನಾಲಯದ ಮೆಟ್ಟಿಲಿನ ಪಕ್ಕದಲ್ಲಿ ಒಂದು ಥೂಜಾ ಗಿಡವಿರುವುದು ಸದಸ್ಯರಿಗೆಲ್ಲ ಗೊತ್ತಿದೆ. ನಿವೃತ್ತರಾಗಿ ಊರಿಗೆ ಮರಳಿದ ಹಿರಿಯರೊಬ್ಬರು ಹೋಗುವ ಮುನ್ನ ನೆಟ್ಟುಹೋದ ಗಿಡ ಅದು. ಈಗ ಆಳುದ್ದಕ್ಕಿಂತ ಎತ್ತರವಾಗಿ ಬೆಳೆದಿದೆ. ಹಳೆಯ ಕಟ್ಟಡವನ್ನು ಕೆಡವಿ ಹೊಸದನ್ನು ಕಟ್ಟುವರೆಂಬುದು ಗೊತ್ತಾದಾಗ ನಾವು ಪುಸ್ತಕಗಳಿಗೆ ಬದಲಿ ಜಾಗ ನೋಡಿಕೊಂಡೆವು. ಗಿಡವನ್ನು ಮಾತ್ರ ಒಯ್ಯುವಂತಿರಲಿಲ್ಲ. ಅದರ ಬೇರು ಗೋಡೆಯ ಅಡಿಗೆ ಇಳಿದುಬಿಟ್ಟಿದೆ. ಕಡ್ಡಿ ನೆಟ್ಟು ಅದರ ಮರಿಗಳನ್ನಾದರೂ ಉಳಿಸಿಕೊಳ್ಳೋಣವೆಂದು ಮೊದಲ ಮಳೆಗಾಲದಲ್ಲಿ ಇಪ್ಪತ್ತು ಕಡ್ಡಿಗಳನ್ನು ಊರಿದೆವು. ಇಪ್ಪತ್ತೂ ಸತ್ತವು. ದಾಸವಾಳ, ಕ್ರೋಟನ್, ನುಗ್ಗೆಗಳನ್ನು ಊರಿನಲ್ಲಿ ಲೀಲಾಜಾಲವಾಗಿ ಬೆಳೆಸಿದ ಕೈಗಳಿಗೆ ಇದು ಸ್ವಲ್ಪ ಅವಮಾನದ ಸಂಗತಿಯೇ ಸರಿ. ಏಕೆ ಹೀಗಾಯಿತೆಂದು ಓದಿ, ತಿಳಿದವರನ್ನು ಕೇಳಿ, ಎರಡನೆಯ ಮಳೆಗಾಲದಲ್ಲಿ ಮತ್ತೆ ಪ್ರಯತ್ನಿಸಿದೆವು. ಅದರಿಂದ ತಿಳಿದುಬಂದುದನ್ನು ಇಲ್ಲಿ ವಾಚಕರ ಮುಂದಿಡುತ್ತಿದ್ದೇವೆ.

ಯಾವ ಜಾತಿಯ ಗಿಡ?

ಥೂಜಾ ಎಂದು ನಾವು ಕರೆಯುವ ಈ ಗಿಡವನ್ನು ಉತ್ತರದವರು ಮೋರ್‌ಪಂಖಿ ಎನ್ನುತ್ತಾರೆ. ಬೀಸಣಿಗೆಯಂತೆ ಹರಡಿದ ಇದರ ಸೊಪ್ಪು ನವಿಲುಗರಿಯನ್ನು ನೆನಪಿಗೆ ತರುತ್ತದೆ. ವಿದ್ಯೆ ಬರುವುದೆಂದು ಮಕ್ಕಳು ಪುಸ್ತಕದ ಹಾಳೆಗಳ ನಡುವೆ ಇಡುವುದೂ ಇದರ ಎಸಳನ್ನೇ. ಲಿನ್ನೇಯಸ್ 1753ರಲ್ಲಿ ಇದಕ್ಕೆ ಥೂಜಾ ಓರಿಯೆಂಟಾಲಿಸ್ ಎಂದು ಹೆಸರಿಟ್ಟನು. ಈಗ ಸಸ್ಯಶಾಸ್ತ್ರಜ್ಞರು ಇದನ್ನು ಬೇರೆ ಕುಲಕ್ಕೆ ಸೇರಿಸಿ ಪ್ಲಾಟಿಕ್ಲೇಡಸ್ ಎಂದು ಕರೆಯುತ್ತಾರೆ. ತೋಟಗಾರರ ಬಾಯಲ್ಲಿ ಹಳೆಯ ಹೆಸರೇ ನಿಂತಿದೆ.

ಇದು ಶಂಕುಧಾರಿ ವೃಕ್ಷಗಳ ಗುಂಪಿಗೆ ಸೇರಿದ್ದು. ಈ ಗುಂಪಿನ ಮರಗಳು ಹೂ ಬಿಡುವುದಿಲ್ಲ. ಬೀಜಗಳು ಹೆಚ್ಚಾಗಿ ಗಟ್ಟಿಯಾದ ಶಂಕುಗಳ ಪದರಗಳ ನಡುವೆ ಕೂತಿರುತ್ತವೆ. ದೇವದಾರು, ಪೈನ್, ಜೂನಿಪರ್, ಸೈಪ್ರೆಸ್ ಎಲ್ಲವೂ ಈ ಗುಂಪಿನವೇ. ನಮ್ಮ ನಾಡಿನವರಿಗೆ ಇವು ಅಷ್ಟು ಪರಿಚಿತವಲ್ಲ. ಕರಾವಳಿಯ ಗಾಳಿಮರದ ಎಲೆ ಸೂಜಿಯಂತೆ ಕಂಡರೂ ಅದು ಹೂ ಬಿಡುವ ಗಿಡಗಳ ಪೈಕಿ. ಇಡೀ ದಕ್ಷಿಣ ಭಾರತದ ಕಾಡಿನಲ್ಲಿ ತಾನಾಗಿ ಬೆಳೆಯುವ ಶಂಕುಧಾರಿ ಒಂದೇ ಒಂದು. ಅದು ಪಶ್ಚಿಮ ಘಟ್ಟದ ದಕ್ಷಿಣ ಭಾಗದಲ್ಲಿರುವ ನಾಗೇಯಾ ಎಂಬ ಮರ. ಬೆಂಗಳೂರಿನ ಲಾಲ್‌ಬಾಗ್‌ನಲ್ಲಿ ಗೋಪುರದಂತೆ ನಿಂತ ಅರಾಕೇರಿಯ ಮರಗಳನ್ನು ಅನೇಕರು ಕಂಡಿರಬಹುದು. ಅವೂ ಶಂಕುಧಾರಿಗಳೇ, ಆದರೆ ಹೊರನಾಡಿನಿಂದ ತಂದು ನೆಟ್ಟವು.

ಬೀಜವಿರುವಾಗ ಕಡ್ಡಿಯೇಕೆ?

ಥೂಜಾದ ಬೀಜ ಸುಲಭವಾಗಿ ಮೊಳೆಯುತ್ತದೆ. ಬರಿಯ ಒಂದು ಥೂಜಾ ಬೇಕಾದವರು ಬೀಜ ಬಿತ್ತುವುದೇ ಮೇಲು. ಆದರೆ ಬೀಜದಿಂದ ಹುಟ್ಟಿದ ಗಿಡಕ್ಕೆ ತಂದೆ ತಾಯಿ ಇಬ್ಬರ ಗುಣವೂ ಬರುವುದರಿಂದ ಅದು ಹೊಸ ಗಿಡ; ಆಕಾರ, ಬಣ್ಣ, ಬೆಳೆಯುವ ಬಗೆ ಬೇರೆಯಾಗಬಹುದು. ಕಡ್ಡಿಯಿಂದ ಬಂದದ್ದಾದರೋ ಹಳೆಯ ಗಿಡವೇ, ಇನ್ನೊಂದು ಕಡೆ ಬೇರೂರಿದ್ದು. ಬಂಗಾರದ ಬಣ್ಣದ ಥೂಜಾ, ಗಿಡ್ಡ ಜೂನಿಪರ್ ಮುಂತಾದ ವಿಶೇಷ ತಳಿಗಳನ್ನು ನರ್ಸರಿಯವರು ಕಡ್ಡಿಯಿಂದಲೋ ಕಸಿಯಿಂದಲೋ ಬೆಳೆಸುವುದು ಇದೇ ಕಾರಣಕ್ಕೆ.

ಬೇರು ಬರುವುದು ಹೇಗೆ?

ಮರದ ತೊಗಟೆಯ ಕೆಳಗೆ ತೆಳುವಾದ ಒಂದು ಜೀವಂತ ಪದರವಿದೆ. ಅದನ್ನು ಕೇಂಬಿಯಂ ಎನ್ನುತ್ತಾರೆ. ಕೊಂಬೆಯನ್ನು ಕತ್ತರಿಸಿದಾಗ ಈ ಪದರದ ಮತ್ತು ಸುತ್ತಲಿನ ಕಣಗಳು ಒಡೆದು ಹೆಚ್ಚಿ, ಗಾಯದ ಮೇಲೆ ಗಂಟಿನಂತಹ ಬಿಳಿಯ ಊತ ಮೂಡುತ್ತದೆ. ಇದಕ್ಕೆ ಕ್ಯಾಲಸ್ ಎಂದು ಹೆಸರು. ಇದು ಗಾಯವನ್ನು ಮುಚ್ಚುವ ಏರ್ಪಾಡು, ಬೇರಲ್ಲ. ಬೇರಾಗಬೇಕಾದರೆ ಕೇಂಬಿಯಂ ಹತ್ತಿರದ ಕೆಲವು ಕಣಗಳು ತಮ್ಮ ಹಳೆಯ ಕೆಲಸವನ್ನು ಬಿಟ್ಟು, ಹೊಸದಾಗಿ ಬೇರಿನ ತುದಿಯ ರೂಪ ತಾಳಬೇಕು.

ಈ ಬದಲಾವಣೆಗೆ ಪ್ರೇರಣೆ ಕೊಡುವುದು ಆಕ್ಸಿನ್ ಎಂಬ ಹಾರ್ಮೋನು. ಎಳೆಯ ಸಸಿಯ ತುದಿಯಿಂದ ಯಾವುದೋ ಪ್ರಭಾವ ಕೆಳಗಿಳಿದು ಬೆಳವಣಿಗೆಯನ್ನು ತಿರುಗಿಸುತ್ತದೆಂದು ಚಾರ್ಲ್ಸ್ ಡಾರ್ವಿನ್ ತನ್ನ ಮಗ ಫ್ರಾನ್ಸಿಸ್‌ನೊಡನೆ 1880ರಲ್ಲಿ ತೋರಿಸಿದನು. ಹಾಲೆಂಡಿನ ಫ್ರಿಟ್ಸ್ ವೆಂಟ್ 1926ರಿಂದ 1928ರ ವರೆಗೆ ಓಟ್ಸ್ ಸಸಿಗಳ ಮೇಲೆ ಪ್ರಯೋಗ ನಡೆಸಿ, ಆ ಪ್ರಭಾವವು ಒಂದು ರಾಸಾಯನಿಕ ವಸ್ತುವೇ ಎಂಬುದನ್ನು ಸ್ಥಿರಪಡಿಸಿದನು. ಅದು ಬೇರು ಬರಿಸುವ ಶಕ್ತಿಯುಳ್ಳದ್ದೆಂಬುದು 1930ರ ದಶಕದ ನಡುವೆ ಖಚಿತವಾಯಿತು. ಅಮೆರಿಕದ ಝಿಮ್ಮರ್‌ಮನ್ ಮತ್ತು ವಿಲ್ಕಾಕ್ಸನ್ ಎಂಬವರು 1935ರಲ್ಲಿ ಇಂಡೋಲ್ ಬ್ಯುಟಿರಿಕ್ ಆಮ್ಲವು ಈ ಕೆಲಸವನ್ನು ಚೆನ್ನಾಗಿ ಮಾಡುವುದೆಂದು ತೋರಿಸಿದರು. ಇದು ಗಿಡದ ಸ್ವಂತ ಆಕ್ಸಿನ್ನಿನಷ್ಟು ಬೇಗ ಒಡೆದು ನಾಶವಾಗುವುದಿಲ್ಲ. ಇಂದಿಗೂ ಬೇರು ಬರಿಸುವ ಪುಡಿಗಳಲ್ಲಿ ಹೆಚ್ಚಾಗಿ ಇರುವುದು ಇದೇ.

ಗಿಡದಲ್ಲಿ ಆಕ್ಸಿನ್ ಹುಟ್ಟುವುದು ಚಿಗುರು ತುದಿಗಳಲ್ಲಿ, ಹರಿಯುವುದು ಕೆಳಮುಖವಾಗಿ. ಕಡ್ಡಿಯನ್ನು ಕತ್ತರಿಸಿದಾಗ ಮುಂದಕ್ಕೆ ದಾರಿಯಿಲ್ಲದೆ ಅದು ಬುಡದಲ್ಲಿ ಶೇಖರವಾಗುತ್ತದೆ. ಬೇರೂ ಅಲ್ಲಿಯೇ ಹೊರಡುತ್ತದೆ. ಆದುದರಿಂದ ಕಡ್ಡಿಯ ತುದಿಯನ್ನು ಚಿವುಟಿ ಹಾಕಬಾರದು, ತಲೆಕೆಳಗಾಗಿ ಊರಲೂಬಾರದು.

ಶಂಕುಧಾರಿಗಳ ಹಟ

ಹಾಗಾದರೆ ದಾಸವಾಳಕ್ಕೆ ಸುಲಭವಾದುದು ಥೂಜಾಕ್ಕೆ ಏಕೆ ಕಷ್ಟ? ಶಂಕುಧಾರಿಗಳಲ್ಲಿ ಈ ಕೆಲಸವೆಲ್ಲ ನಿಧಾನ. ಬೇರು ಬರಲು ಎರಡು ಮೂರು ತಿಂಗಳು ಬೇಕು. ಕೆಲವಕ್ಕೆ ಅರ್ಧ ವರ್ಷವೂ ಆಗುವುದುಂಟು. ಅಷ್ಟು ಕಾಲ ಕಡ್ಡಿಯು ಬೇರಿಲ್ಲದೆ, ಎಲೆಯಿಂದ ನೀರನ್ನು ಕಳೆದುಕೊಳ್ಳುತ್ತ, ಒಣಗದೆ ಕೊಳೆಯದೆ ಬದುಕಿರಬೇಕು. ಎಲೆಯನ್ನೆಲ್ಲ ಕಿತ್ತುಬಿಟ್ಟರೆ ನೀರು ಉಳಿಯುವುದು ನಿಜ. ಆದರೆ ಎಲೆಯಲ್ಲಿ ತಯಾರಾಗುವ ಆಹಾರವಿಲ್ಲದೆ ಬೇರು ಬರದು. ಎಲೆ ಇರಬೇಕು, ನೀರೂ ಉಳಿಯಬೇಕು. ಮುಂದೆ ಹೇಳುವ ಉಪಾಯಗಳೆಲ್ಲ ಈ ಎರಡನ್ನು ಹೊಂದಿಸಿಕೊಳ್ಳುವುದಕ್ಕಾಗಿಯೇ ಇವೆ.

ಎಲ್ಲ ಶಂಕುಧಾರಿಗಳೂ ಒಂದೇ ಸಮ ಹಟಮಾರಿಗಳಲ್ಲ. ಜೂನಿಪರ್, ಥೂಜಾ, ಯೂ, ಕ್ರಿಪ್ಟೊಮೇರಿಯ ಇವು ತಕ್ಕಮಟ್ಟಿಗೆ ಒಲಿಯುವಂಥವು. ಜಪಾನಿನ ಕ್ಯೂಷೂ ದ್ವೀಪದಲ್ಲಿ ಕ್ರಿಪ್ಟೊಮೇರಿಯದ ಕಾಡುಗಳನ್ನು ಶತಮಾನಗಳಿಂದ ಕಡ್ಡಿ ನೆಟ್ಟೇ ಬೆಳೆಸುತ್ತ ಬಂದಿದ್ದಾರೆ. ಪೈನ್ ಮರಗಳು ಬಹಳ ಕಷ್ಟ; ಮನೆಯಲ್ಲಿ ಪ್ರಯತ್ನಿಸುವವರು ಅವುಗಳ ಗೊಡವೆಗೆ ಹೋಗದಿರುವುದು ಒಳ್ಳೆಯದು.

ಇನ್ನೊಂದು ಮುಖ್ಯ ಸಂಗತಿ ತಾಯಿ ಗಿಡದ ವಯಸ್ಸು. ಎಳೆಯ ಗಿಡದ ಕಡ್ಡಿ ಬೇಗ ಬೇರು ಬಿಡುತ್ತದೆ. ಮರ ಮುದಿಯಾದಂತೆ ಆ ಶಕ್ತಿ ಕುಗ್ಗುತ್ತದೆ. ನ್ಯೂಜಿಲೆಂಡಿನ ಅರಣ್ಯದವರು ರೇಡಿಯಾಟಾ ಪೈನ್ ಕಡ್ಡಿಗಳಿಗಾಗಿ ತಾಯಿ ಗಿಡಗಳನ್ನು ಬೆಳೆಯಗೊಡದೆ ಮತ್ತೆ ಮತ್ತೆ ಕತ್ತರಿಸಿ ಬೇಲಿಯಂತೆ ಗಿಡ್ಡವಾಗಿ ಇಡುವುದು ಇದಕ್ಕಾಗಿಯೇ. ನಮ್ಮ ಮೊದಲ ವರ್ಷದ ತಪ್ಪುಗಳಲ್ಲಿ ಇದೂ ಒಂದು: ಕೈಗೆಟುಕಿದ ಹಳೆಯ ದಪ್ಪ ರೆಂಬೆಗಳನ್ನೇ ಕಡಿದು ನೆಟ್ಟಿದ್ದೆವು. ಎರಡನೆಯ ಸಲ, ಮಳೆಗಾಲಕ್ಕೆ ಆರು ತಿಂಗಳು ಮೊದಲೇ ಕೆಳಗಿನ ಕೆಲವು ರೆಂಬೆಗಳ ತುದಿಯನ್ನು ಸವರಿ ಹೊಸ ಚಿಗುರು ಬರುವಂತೆ ಮಾಡಿದೆವು. ಹೀಗೆ ಸವರುವಾಗ ಹಸುರು ಎಲೆಯಿರುವ ಭಾಗದಲ್ಲಿಯೇ ಕತ್ತರಿಸಬೇಕು. ಎಲೆಯಿಲ್ಲದ ಬೋಳು ಕಟ್ಟಿಗೆಯವರೆಗೆ ಕಡಿದರೆ ಈ ಗಿಡಗಳು ಸಾಮಾನ್ಯವಾಗಿ ಮತ್ತೆ ಚಿಗುರುವುದಿಲ್ಲ.

ಕಾಲ

ಚಳಿದೇಶಗಳಲ್ಲಿ ಶಂಕುಧಾರಿ ಕಡ್ಡಿಗಳನ್ನು ಹೆಚ್ಚಾಗಿ ಚಳಿಗಾಲದಲ್ಲಿ, ಗಿಡ ಬೆಳವಣಿಗೆ ನಿಲ್ಲಿಸಿದಾಗ ತೆಗೆಯುತ್ತಾರೆ. ಬುಡಕ್ಕೆ 20ರಿಂದ 24 ಡಿಗ್ರಿ ಸೆಲ್ಸಿಯಸ್ ಬಿಸಿ ಕೊಡಲು ವಿದ್ಯುತ್ತಿನ ತಂತಿಗಳನ್ನು ಹಾಸುತ್ತಾರೆ. ಬುಡ ಬೆಚ್ಚಗಿದ್ದು ತಲೆ ತಂಪಾಗಿದ್ದರೆ ಚಿಗುರಿಗಿಂತ ಮೊದಲು ಬೇರು ಬರುವುದೆಂಬುದು ಅದರ ತತ್ವ. ನಮ್ಮ ನಗರಗಳಲ್ಲಿ ಬುಡದ ಬಿಸಿಗೆ ಕೊರತೆಯಿಲ್ಲ. ಕೊರತೆಯಿರುವುದು ಗಾಳಿಯ ತೇವಕ್ಕೆ. ಆದುದರಿಂದ ಮಳೆಗಾಲವೇ ನಮಗೆ ಅನುಕೂಲ. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಜೂನ್ ಕೊನೆಯಿಂದ ಆಗಸ್ಟ್ ವರೆಗೆ, ದೆಹಲಿಯಲ್ಲಿ ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ, ಹಿಂಗಾರು ಮಳೆಯ ಚೆನ್ನೈಯಲ್ಲಿ ಅಕ್ಟೋಬರ್‌ನಿಂದ ಈ ಕೆಲಸ ಮಾಡಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕೈ ಹಾಕುವುದು ವ್ಯರ್ಥ ಶ್ರಮ.

ಬೇಕಾಗುವ ಸಾಮಾನು

ಒಂದು ದೊಡ್ಡ ಮಣ್ಣಿನ ಕುಂಡ, ಅದರ ನಡುವೆ ಕೂರುವಂತಹ ಇನ್ನೊಂದು ಚಿಕ್ಕ ಮಣ್ಣಿನ ಕುಂಡ, ದಪ್ಪ ಮರಳು, ತೆಂಗಿನ ನಾರಿನ ಪುಡಿ, ಹರಿತವಾದ ಚಾಕು, ಬೇರು ಬರಿಸುವ ಪುಡಿ, ಒಂದು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲ, ನಾಲ್ಕು ಬಿದಿರು ಕಡ್ಡಿ. ಇಷ್ಟೇ.

ಮರಳು ಹೊಳೆಯದಾಗಿರಬೇಕು. ಮುಂಬಯಿ, ಚೆನ್ನೈಗಳಲ್ಲಿರುವವರು ಸಮುದ್ರ ತೀರದ ಮರಳನ್ನು ತರಬಾರದು. ಅದರ ಉಪ್ಪು ಕಡ್ಡಿಯನ್ನು ಕೊಲ್ಲುತ್ತದೆ. ಮರಳನ್ನು ಮೂರು ನಾಲ್ಕು ನೀರಿನಲ್ಲಿ ತೊಳೆದು, ಕುದಿಯುವ ನೀರು ಸುರಿದು ಆರಿಸಿ, ಅಷ್ಟೇ ಪ್ರಮಾಣದ ನಾರಿನ ಪುಡಿಯೊಡನೆ ಬೆರೆಸಬೇಕು. ಗೊಬ್ಬರವನ್ನಾಗಲಿ ತೋಟದ ಮಣ್ಣನ್ನಾಗಲಿ ಸೇರಿಸಕೂಡದು. ಬೇರೇ ಇಲ್ಲದ ಕಡ್ಡಿ ಗೊಬ್ಬರವನ್ನು ಉಣ್ಣಲಾರದು. ಅದರಿಂದ ಬೂಷ್ಟು ಮಾತ್ರ ಬೆಳೆಯುತ್ತದೆ. ಮೊದಲ ವರ್ಷ ಸಗಣಿ ಗೊಬ್ಬರ ಬೆರೆಸಿದ ಮಣ್ಣಿನಲ್ಲಿ ಊರಿದ ನಮ್ಮ ಕಡ್ಡಿಗಳು ಕೊಳೆತದ್ದು ಹೀಗೆ.

ಪುಡಿಯನ್ನು ನರ್ಸರಿಯಲ್ಲಿ ಕೊಳ್ಳುವಾಗ ಇಂಡೋಲ್ ಬ್ಯುಟಿರಿಕ್ ಆಮ್ಲದ ಪ್ರಮಾಣವನ್ನು ನೋಡಬೇಕು. ಮೆತ್ತನೆಯ ಗಿಡಗಳಿಗೆ ನೂರಕ್ಕೆ 0.1 ಭಾಗ ಸಾಕು, ಶಂಕುಧಾರಿಗಳಿಗೆ 0.3ರಿಂದ 0.8 ಭಾಗ ಬೇಕಾಗುತ್ತದೆ. ಹೆಚ್ಚು ಹಾಕಿದರೆ ಹೆಚ್ಚು ಬೇರು ಎಂದು ತಿಳಿಯಬಾರದು. ಅತಿಯಾದರೆ ಬುಡ ಕಪ್ಪಾಗಿ ಸುಟ್ಟುಹೋಗುತ್ತದೆ. ಅರಿಸಿನ, ಜೇನುತುಪ್ಪಗಳನ್ನು ಹಚ್ಚುವ ರೂಢಿ ಕೆಲವರಲ್ಲಿದೆ. ಅವು ಹಾರ್ಮೋನಿನ ಸ್ಥಾನದಲ್ಲಿ ನಿಲ್ಲಲಾರವು.

ಮಾಡುವ ಕ್ರಮ

ಮೊದಲು ಚಿಕ್ಕ ಕುಂಡದ ತಳದ ತೂತನ್ನು ಬೂಚಿನಿಂದಲೋ ಸಿಮೆಂಟಿನಿಂದಲೋ ಭದ್ರವಾಗಿ ಮುಚ್ಚಿ ದೊಡ್ಡ ಕುಂಡದ ನಡುವೆ ಕೂರಿಸಬೇಕು. ದೊಡ್ಡ ಕುಂಡದ ತೂತು ತೆರೆದೇ ಇರಲಿ. ಎರಡು ಕುಂಡಗಳ ನಡುವಿನ ಜಾಗದಲ್ಲಿ ಮರಳು ಮತ್ತು ನಾರಿನ ಪುಡಿಯ ಮಿಶ್ರಣವನ್ನು ತುಂಬಿ, ಒಮ್ಮೆ ನೀರು ಹಾಕಿ ಬಸಿಯಬಿಡಬೇಕು. ಇನ್ನು ಮುಂದೆ ನೀರು ತುಂಬುವುದು ನಡುವಿನ ಕುಂಡಕ್ಕೆ ಮಾತ್ರ. ಅದರ ಮಣ್ಣಿನ ಗೋಡೆಯ ಮೂಲಕ ನೀರು ಜಿನುಗುತ್ತ ಸುತ್ತಲಿನ ಮರಳನ್ನು ತೇವವಾಗಿಡುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇಲ್ಲ.

ಕಡ್ಡಿಗಳನ್ನು ಬೆಳಗಿನ ಹೊತ್ತಿನಲ್ಲಿ ತೆಗೆಯಬೇಕು. ಆ ವರ್ಷ ಬೆಳೆದ ಚಿಗುರು, ಬುಡದಲ್ಲಿ ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿರುವುದು, ನಾಲ್ಕರಿಂದ ಆರು ಅಂಗುಲ ಉದ್ದದ್ದು ಒಳ್ಳೆಯದು. ಅದನ್ನು ಕೆಳಮುಖವಾಗಿ ಎಳೆದು ಕಿತ್ತರೆ ತಾಯಿ ರೆಂಬೆಯ ತೊಗಟೆಯ ಒಂದು ಚೂರು ಹಿಮ್ಮಡಿಯಂತೆ ಅಂಟಿಕೊಂಡು ಬರುತ್ತದೆ. ಅದು ಇರಲಿ, ಉದ್ದದ ಬಾಲವನ್ನು ಮಾತ್ರ ಕತ್ತರಿಸಬೇಕು. ಕಿತ್ತ ಕಡ್ಡಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಅಂದೇ ಊರಬೇಕು.

ಕಡ್ಡಿಯ ಕೆಳಗಿನ ಮೂರನೆಯ ಒಂದು ಭಾಗದ ಸೊಪ್ಪನ್ನು ತೆಗೆಯಬೇಕು. ಬಳಿಕ ಬುಡದ ಒಂದು ಪಕ್ಕದಲ್ಲಿ ಮುಕ್ಕಾಲು ಅಂಗುಲದಷ್ಟು ಉದ್ದಕ್ಕೆ ತೊಗಟೆಯನ್ನು ತೆಳುವಾಗಿ ಹೆರೆಯಬೇಕು. ಈ ಗಾಯದಿಂದ ಕೇಂಬಿಯಂ ಬಯಲಾಗಿ, ನೀರನ್ನೂ ಹಾರ್ಮೋನನ್ನೂ ಹೀರಲು ಅನುಕೂಲವಾಗುತ್ತದೆ. ಬೇರುಗಳು ಅದರ ಅಂಚಿನಲ್ಲಿಯೂ ಹೊರಡುತ್ತವೆ. ಬುಡವನ್ನು ಸ್ವಲ್ಪ ಒದ್ದೆ ಮಾಡಿ, ಬೇರೆ ಕಾಗದದ ಮೇಲೆ ಸುರಿದುಕೊಂಡ ಪುಡಿಯಲ್ಲಿ ಅದ್ದಿ, ಹೆಚ್ಚಾದುದನ್ನು ಕೊಡವಬೇಕು. ಕಡ್ಡಿಯನ್ನು ಡಬ್ಬಿಯೊಳಗೇ ಅದ್ದಿದರೆ ಉಳಿದ ಪುಡಿ ತೇವ ತಗುಲಿ ಕೆಡುತ್ತದೆ.

ಮರಳಿನಲ್ಲಿ ಮೊದಲು ಪೆನ್ಸಿಲಿನಿಂದ ತೂತು ಮಾಡಿ, ಅದರಲ್ಲಿ ಕಡ್ಡಿಯನ್ನು ಒಂದೂವರೆ ಅಂಗುಲ ಆಳಕ್ಕೆ ಇಳಿಸಿ, ಸುತ್ತ ಬೆರಳಿನಿಂದ ಒತ್ತಬೇಕು. ನೇರವಾಗಿ ಚುಚ್ಚಿದರೆ ಹಚ್ಚಿದ ಪುಡಿ ಮೇಲೆಯೇ ಉಳಿದುಬಿಡುತ್ತದೆ. ಒಂದರ ಸೊಪ್ಪು ಇನ್ನೊಂದಕ್ಕೆ ತಾಗದಷ್ಟು ಅಂತರವಿರಲಿ. ಕೊನೆಗೆ ಬಿದಿರು ಕಡ್ಡಿಗಳನ್ನು ನಿಲ್ಲಿಸಿ, ಚೀಲವು ಎಲೆಗೆ ತಾಗದಂತೆ ಮೇಲೆ ಹೊದಿಸಿ ಕಟ್ಟಬೇಕು.

ಕಾಯುವ ಕೆಲಸ

ಕುಂಡಕ್ಕೆ ಬೆಳಕು ಚೆನ್ನಾಗಿರಬೇಕು, ಬಿಸಿಲು ಬೀಳಬಾರದು. ಉತ್ತರದ ಕಡೆಯ ಕಿಟಕಿ ಉತ್ತಮ. ಚೀಲದ ಮೇಲೆ ಒಂದು ಗಂಟೆ ನೇರ ಬಿಸಿಲು ಬಿದ್ದರೂ ಒಳಗೆ ಒಲೆಯಂತೆ ಕಾಯುತ್ತದೆ. ಕತ್ತಲೆ ಮೂಲೆಯಲ್ಲಿಟ್ಟರೆ ಎಲೆಗೆ ಆಹಾರ ತಯಾರಿಸಲಾಗದೆ ಕಡ್ಡಿ ನಿಧಾನವಾಗಿ ಸೊರಗುತ್ತದೆ. ದಿನಕ್ಕೊಮ್ಮೆ ಐದು ನಿಮಿಷ ಚೀಲ ತೆರೆದು ಗಾಳಿಯಾಡಿಸಬೇಕು; ಉದುರಿದ, ಬೂಷ್ಟು ಹಿಡಿದ ಸೊಪ್ಪನ್ನು ತೆಗೆದು ಎಸೆಯಬೇಕು. ನಡುವಿನ ಕುಂಡದ ನೀರು ಬತ್ತದಂತೆ ನೋಡಿಕೊಳ್ಳಬೇಕು.

ಇದರಲ್ಲೊಂದು ಮೋಸವಿದೆ. ಶಂಕುಧಾರಿಗಳ ಸೊಪ್ಪು ಸತ್ತ ಮೇಲೂ ಬಹುಕಾಲ ಹಸುರಾಗಿಯೇ ಕಾಣುತ್ತದೆ. ಮೊದಲ ವರ್ಷ ಎರಡು ತಿಂಗಳು ಹಸುರಾಗಿದ್ದ ಕಡ್ಡಿಗಳನ್ನು ಕಂಡು ನಾವು ಗೆದ್ದೆವೆಂದೇ ತಿಳಿದಿದ್ದೆವು; ಎತ್ತಿ ನೋಡಿದರೆ ಬುಡವೆಲ್ಲ ಕಪ್ಪಾಗಿತ್ತು. ತುದಿಯಲ್ಲಿ ಚಿಗುರು ಕಂಡರೂ ನಂಬುವಂತಿಲ್ಲ. ಕಡ್ಡಿಯಲ್ಲಿ ಉಳಿದ ಆಹಾರದಿಂದಲೇ ಅದು ಬಂದಿರಬಹುದು. ಹತ್ತು ವಾರಗಳ ಬಳಿಕ ಎರಡು ಬೆರಳಿನಿಂದ ಮೆಲ್ಲಗೆ ಎಳೆದು ನೋಡಬೇಕು. ಹಿಡಿತ ಕಂಡರೆ ಬೇರು ಬಂದಿದೆ. ಸಲೀಸಾಗಿ ಮೇಲೆದ್ದು ಬಂದು, ಬುಡದಲ್ಲಿ ಬಿಳಿಯ ಗಂಟು ಮಾತ್ರ ಇದ್ದರೆ ಮತ್ತೆ ಊರಿ ಕಾಯಬೇಕು. ಪ್ರತಿ ವಾರ ಕಿತ್ತು ನೋಡುವ ಚಪಲ ಬೇಡ. ಎಳೆಯ ಬೇರು ಮುರಿಯುತ್ತದೆ.

ಬೇರು ಒಂದು ಅಂಗುಲದಷ್ಟಾದ ಮೇಲೆ ಹತ್ತು ದಿನಗಳ ಕಾಲ ಚೀಲವನ್ನು ದಿನದಿನಕ್ಕೆ ಹೆಚ್ಚು ಹೊತ್ತು ತೆರೆದಿಟ್ಟು, ಹೊರಗಿನ ಗಾಳಿಗೆ ರೂಢಿ ಮಾಡಬೇಕು. ಆಮೇಲೆ ಚಿಕ್ಕ ಕುಂಡಗಳಿಗೆ ಬದಲಿಸಿ ನೆರಳಿನಲ್ಲಿಡಬೇಕು. ಹೊಸ ಚಿಗುರು ಬಂದು ಬೆಳೆಯತೊಡಗುವವರೆಗೆ ಗೊಬ್ಬರ ಬೇಡ.

ಒಂದು ಎಚ್ಚರಿಕೆ

ಅರಾಕೇರಿಯದ ಪಕ್ಕದ ರೆಂಬೆಯನ್ನು ನೆಟ್ಟರೆ ಬೇರು ಬಂದರೂ ಅದು ಮರವಾಗದು. ಜೀವಮಾನವೆಲ್ಲ ರೆಂಬೆಯಂತೆ ಅಡ್ಡಡ್ಡವಾಗಿಯೇ ಬೆಳೆಯುತ್ತದೆ. ನೆಟ್ಟಗಿನ ಗಿಡ ಬೇಕಾದರೆ ನೆಟ್ಟಗೆ ಬೆಳೆಯುವ ತುದಿಯನ್ನೇ ತೆಗೆಯಬೇಕು. ತೆಗೆದರೆ ತಾಯಿಯ ಅಂದ ಕೆಡುತ್ತದೆ. ಥೂಜಾಕ್ಕೆ ಈ ತೊಂದರೆ ಇಲ್ಲ. ಇನ್ನು, ಸಾರ್ವಜನಿಕ ಉದ್ಯಾನಗಳಲ್ಲಿ ಕಾವಲುಗಾರನ ಕಣ್ಣು ತಪ್ಪಿಸಿ ರೆಂಬೆ ಮುರಿಯುವುದು ಸಲ್ಲದು. ಕೇಳಿ ಪಡೆಯುವುದು ಮರ್ಯಾದೆ.

ದೊಡ್ಡ ಕೆಲಸಗಳು

ಇದನ್ನು ಬಾಲ್ಕನಿಯ ವಿನೋದವೆಂದು ಮಾತ್ರ ತಿಳಿಯಬಾರದು. ಆಸ್ಟ್ರೇಲಿಯದಲ್ಲಿ 1994ರಲ್ಲಿ ಡೇವಿಡ್ ನೋಬಲ್ ಎಂಬ ಉದ್ಯಾನಾಧಿಕಾರಿ ಒಂದು ಆಳವಾದ ಕಮರಿಯಲ್ಲಿ ವೊಲ್ಲೆಮಿ ಪೈನ್ ಎಂಬ ಪುರಾತನ ಮರವನ್ನು ಕಂಡುಹಿಡಿದನು. ಬೆಳೆದ ಮರಗಳು ಕಾಡಿನಲ್ಲಿ ನೂರೂ ಇರಲಿಲ್ಲ. ಅವುಗಳ ಕಡ್ಡಿಗಳಿಗೆ ಬೇರು ಬರಿಸಿ ಗಿಡಗಳನ್ನು ಲೋಕಕ್ಕೆಲ್ಲ ಹಂಚಿದ್ದರಿಂದ, ಆ ಕಮರಿಗೆ ಏನೇ ಆದರೂ ಮರದ ಸಂತತಿ ಅಳಿಯದು ಎಂಬ ಧೈರ್ಯ ಬಂದಿದೆ.

ನಮ್ಮ ಹಿಮಾಲಯದ ಯೂ ಮರದ ಕಥೆ ಇನ್ನೂ ಹತ್ತಿರದ್ದು. ಯೂ ಜಾತಿಯ ಮರಗಳಿಂದ ಟ್ಯಾಕ್ಸಾಲ್ ಎಂಬ ಅರ್ಬುದ ರೋಗದ ಔಷಧ ದೊರೆಯುತ್ತದೆ. ಅಮೆರಿಕದ ಯೂ ಮರದ ತೊಗಟೆಯಲ್ಲಿ ಕಂಡ ಇದರ ರಚನೆಯನ್ನು ವಾಲ್ ಮತ್ತು ವಾಣಿ ಎಂಬ ವಿಜ್ಞಾನಿಗಳು ಸಂಗಡಿಗರೊಡನೆ 1971ರಲ್ಲಿ ಪ್ರಕಟಿಸಿದರು; 1992ರಲ್ಲಿ ಅಮೆರಿಕದ ಸರ್ಕಾರ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಆಗ ಹಿಮಾಲಯದ ಮರಗಳಿಗೂ ಕೊಡಲಿ ಬಿತ್ತು. ಈ ಮರದ ಬೀಜ ಮೊಳೆಯಲು ಒಂದೂವರೆ ಎರಡು ವರ್ಷ ಬೇಕು. ಬೆಳವಣಿಗೆಯೂ ಬಹು ನಿಧಾನ. ಆದುದರಿಂದ ಅಲ್ಮೋಡಾದ ಗೋವಿಂದ ವಲ್ಲಭ ಪಂತ್ ಸಂಸ್ಥೆಯಂತಹ ಕಡೆಗಳಲ್ಲಿ ವಿಜ್ಞಾನಿಗಳು ಇದೇ ಹಾರ್ಮೋನುಗಳನ್ನು ಹಚ್ಚಿ ಕಡ್ಡಿಗಳಿಗೆ ಬೇರು ಬರಿಸುವ ಮಾರ್ಗ ಹುಡುಕಿದರು. ಹೀಗೆ ಬೆಳೆಸಿದ ಗಿಡಗಳ ಸೊಪ್ಪಿನಿಂದ ಔಷಧ ಪಡೆಯುವುದಾದರೆ ಕಾಡಿನ ಹಳೆಯ ಮರದ ತೊಗಟೆ ಸುಲಿಯಬೇಕಾಗಿಲ್ಲ. ಔಷಧದ ಮರವೆಂದು ಯಾರೂ ಅದರ ಎಲೆಯನ್ನು ಬಾಯಿಗೆ ಹಾಕಬಾರದು, ಅದು ವಿಷ.

ನಮ್ಮ ಎರಡನೆಯ ಮಳೆಗಾಲದ ಇಪ್ಪತ್ತು ಕಡ್ಡಿಗಳಲ್ಲಿ ಏಳಕ್ಕೆ ಬೇರು ಬಂದಿದೆ. ಹದಿಮೂರು ಸತ್ತವು, ಹಳೆಯ ಗಿಡದ ಕಡ್ಡಿಗಳಿಗೆ ಇದು ಕಡಮೆಯೆಂದು ನಾವು ಎಣಿಸುವುದಿಲ್ಲ. ಏಳರಲ್ಲಿ ಎರಡು ಕುಂಡಗಳು ಹೊಸ ಜಾಗದ ಬಾಗಿಲಿಗೆ ಹೋಗುತ್ತವೆ. ಒಂದನ್ನು ಗಿಡ ನೆಟ್ಟ ಹಿರಿಯರಿಗೆ ಊರಿಗೆ ಕಳಿಸುವುದಾಗಿ ನಿಶ್ಚಯಿಸಿದ್ದೇವೆ. ಉಳಿದ ನಾಲ್ಕನ್ನು ಸಾಕಿಕೊಳ್ಳಲು ಮನಸ್ಸುಳ್ಳ ಸದಸ್ಯರು ಸಂಜೆಯ ಹೊತ್ತಿನಲ್ಲಿ ಬಂದು ಕೇಳಬಹುದು. ಕಟ್ಟಡ ಬೀಳುವುದಕ್ಕೆ ಇನ್ನೂ ಒಂದು ಮಳೆಗಾಲದ ಅವಕಾಶವಿರುವಂತೆ ಕಾಣುತ್ತದೆ. ಕಡ್ಡಿ ಬೇಕಾದವರು ಅಷ್ಟರೊಳಗೆ ತಿಳಿಸಿದರೆ, ಚಾಕು ಮತ್ತು ಪುಡಿ ನಮ್ಮಲ್ಲಿಯೇ ಇವೆ.